ಮುರಗೆಪ್ಪನ ಗಂಟು

ನಮ್ಮ ಅಪ್ಪ ಮುರಗೆಪ್ಪನ ಬಲಗೈಯ ಎರಡು ಬೆರಳು ಹೋದದ್ದು ಟ್ರಾಲಿಯ ಕೊಂಡಿಗೆ ಸಿಕ್ಕು ಎಂದು ಕಬ್ಬೂರಿನವರೆಲ್ಲ ಇಂದಿಗೂ ನಂಬಿದ್ದಾರೆ. ಅಪ್ಪನೇ ಹಾಗೆ ಹೇಳಿದ್ದ. ಅವನ ಮಾತಿಗೆ ಎದುರಾಡುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ನಿಜ ಗೊತ್ತಿದ್ದವರು ಮನೆಯ ನಾಲ್ಕು ಜನ. ಅಪ್ಪ, ಅವ್ವ ಈಗಿಲ್ಲ. ಅಣ್ಣ ಧರೆಪ್ಪ ಬಾಯಿ ಬಿಡುವ ಪೈಕಿ ಅಲ್ಲ. ಉಳಿದವಳು ನಾನು, ಮುರಗೆಪ್ಪನ ಮಗಳು ಕಾಳವ್ವ. ಆ ಬೆರಳು ಕಡಿದವಳೂ ನಾನೇ.

ಅಪ್ಪ ಕಬ್ಬಿನ ಲೋಡು ಕಟ್ಟುವವನು. ಕಡಿಯುವವರು ಬೇರೆ, ಹೊತ್ತು ಹಾಕುವವರು ಬೇರೆ. ಟ್ರಾಲಿಯ ಮೇಲೆ ಎರಡಾಳೆತ್ತರ ಪೇರಿಸಿದ ಕಬ್ಬು ಕಾರ್ಖಾನೆ ಮುಟ್ಟುವ ತನಕ ಒಂದು ಗಳವೂ ಜಾರದಂತೆ ಹಗ್ಗ ಬಿಗಿಯುವುದು ಅವನ ಕೆಲಸ. ಒಂದೇ ಉದ್ದನೆಯ ಹಗ್ಗವನ್ನು ಎಡಕ್ಕೂ ಬಲಕ್ಕೂ ಎಳೆದಾಡಿ, ಕಡೆಗೆ ಹಿಂಬದಿಯಲ್ಲಿ ಒಂದು ಗಂಟು ಹಾಕಿ, ಅದರ ಮೇಲೆ ಒಂದು ತಂಬಿಗೆ ನೀರು ಸುರಿಯುತ್ತಿದ್ದ. ನೆನೆದ ನಾರಿನ ಹಗ್ಗ ಉಬ್ಬಿ ಬಿಗಿದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಲೋಡು ಇಳಿಸುವ ಆಳುಗಳು ಅವನ ಹೆಸರು ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ಮುರಗೆಪ್ಪನ ಗಂಟೇನು? ಹಂಗಾರ ಮೊದಲ ಚಾ ಕುಡದ ಬರ್ತೀವಿ ತಡೀರಿ" ಎನ್ನುತ್ತಿದ್ದರು. ಅದು ಬೈಗುಳ. ಅಪ್ಪ ಅದನ್ನು ಸನ್ಮಾನವೆಂದು ತಿಳಿದು ಮನೆಗೆ ಬಂದು ಹೇಳುತ್ತಿದ್ದ.

ಅವನ ಹಗ್ಗಕ್ಕೆ ಕಬ್ಬಿಣ ತಾಗಕೂಡದು, ಅದೊಂದು ಕಟ್ಟಳೆ. ಬಿಚ್ಚಬೇಕು, ಕೊಯ್ಯಬಾರದು. ಎಂಬತ್ತಾರರ ಹಂಗಾಮಿನಲ್ಲಿ ಧರೆಪ್ಪ ಅವಸರಕ್ಕೆ ಬಿದ್ದು ಒಂದು ಗಂಟನ್ನು ಕುಡಗೋಲಿನಿಂದ ಕೊಯ್ದುಬಿಟ್ಟ. ಅಪ್ಪ ಆ ಕೊಯ್ದ ಹಗ್ಗದಿಂದಲೇ ಅವನನ್ನು ಬಡಿದ. ಅಣ್ಣನಿಗೆ ಆಗ ಇಪ್ಪತ್ತೆರಡು ವರ್ಷ, ಮೀಸೆ ಬಂದ ಗಂಡು. ಅಂಗಳದ ನಡುವೆ ನಿಂತು ಹೊಡೆಸಿಕೊಂಡ. ಅಡ್ಡ ಹೋದ ಅವ್ವನ ಕೆನ್ನೆಗೂ ಒಂದು ಏಟು ಬಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಅಪ್ಪನಿಗೆ ಶಾಪ ಹಾಕಿದೆ. ಅವನನ್ನು ನಾನು ದ್ವೇಷಿಸುತ್ತಿದ್ದೆ. ಹಾಗೆಯೇ ಅವನು ಲೋಡು ಕಟ್ಟುವುದನ್ನು ನೋಡಲು ರಸ್ತೆಯ ತನಕ ಓಡಿಯೂ ಹೋಗುತ್ತಿದ್ದೆ. ಎರಡೂ ಸುಳ್ಳಲ್ಲ.

ಹಂಗಾಮು ಮುಗಿದ ಮೇಲೆ ಹಗ್ಗಗಳನ್ನೆಲ್ಲ ಕೃಷ್ಣಾ ಹೊಳೆಯಲ್ಲಿ ತೊಳೆದು ತರುವುದು ಅವನ ವಾಡಿಕೆ. ಊರ ಬಾವಿಯ ನೀರು ಅವುಗಳ ಘನತೆಗೆ ಸಾಲದು. ಅದೇ ನೆಪದಲ್ಲಿ ಮನೆಮಂದಿಯೆಲ್ಲ ಟ್ರಾಲಿ ಹತ್ತಿ ಕುಡಚಿಯ ಆಚೆ ಹೊಳೆದಂಡೆಯಲ್ಲಿ ಎರಡು ದಿನ ಬಿಡಾರ ಹೂಡುತ್ತಿದ್ದೆವು. ಟ್ರಾಲಿಯ ಮೇಲೆ ಬಿದಿರು ಬಗ್ಗಿಸಿ ತಾಡಪತ್ರಿ ಹೊದಿಸಿದರೆ ಅದೇ ಮನೆ. ಜಾಲಿಗಿಡದ ಕೆಳಗೆ ಅವ್ವನ ಮೂರು ಕಲ್ಲಿನ ಒಲೆ, ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಜುಣಕ. ವರ್ಷದಲ್ಲಿ ಆ ಎರಡು ದಿನ ಅಪ್ಪ ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ.

ತೊಂಬತ್ತಮೂರರ ವೈಶಾಖದಲ್ಲಿ ನಾನೂ ಹೋದೆ. ಗಂಡ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿದ್ದ. ನಾನು ಎಂಟು ತಿಂಗಳ ಮಗಳು ಜನಿಯನ್ನು ಎತ್ತಿಕೊಂಡು ತವರಿಗೆ ಬಂದಿದ್ದೆ. ಗಂಡನ ಅಜ್ಜಿಯ ಹೆಸರಿಟ್ಟು ಜನಾಬಾಯಿ, ಕರೆಯುವುದು ಜನಿ. ಮೊದಲ ದಿನ ಅಪ್ಪ ಹಗ್ಗ ತೊಳೆಯುತ್ತ ಅದರ ಒಂದು ತುದಿಯನ್ನು ಅವಳ ಮುಷ್ಟಿಗೆ ಕೊಟ್ಟ. ಅವಳು ಬಾಯಿಗೆ ಹಾಕಿಕೊಂಡಳು. "ಹಿಡಕೊ, ಹಿಡಕೊ. ಬಿಡಬ್ಯಾಡ. ನಿಮ್ಮವ್ವಗಿಂತ ಗಟ್ಟಿ ಅದಿ" ಎಂದು ಅಪ್ಪ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಎಷ್ಟು ವರ್ಷದಿಂದ ನೋಡಿರಲಿಲ್ಲವೋ.

ಮರುದಿನ ಇಳಿಹೊತ್ತಿಗೆ ಧರೆಪ್ಪ ಟ್ರಾಲಿಯನ್ನು ಬಿಚ್ಚಿ ನಿಲ್ಲಿಸಿ, ಡೀಸೆಲ್ ತರಲು ಟ್ರ್ಯಾಕ್ಟರ್ ಹೊಡೆದುಕೊಂಡು ಕುಡಚಿಗೆ ಹೋದ. ನಾಲ್ಕು ಚಕ್ರದ ಟ್ರಾಲಿ, ಹೊಳೆಗೆ ಇಳಿಯುವ ಬಂಡಿಜಾಡಿನ ನೆತ್ತಿಯ ಮೇಲೆ ನಿಂತಿತ್ತು. ಅಪ್ಪ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಕೆಳಗೆ ಮರಳು ತೆಗೆದು ತೆಗೆದು ಆಳದ ಮಡು ಬಿದ್ದಿತ್ತು. ಜನಿ ಟ್ರಾಲಿಯೊಳಗೆ ಅವ್ವನ ತೊಡೆಯ ಮೇಲೆ ಮಲಗಿದ್ದಳು. ನಾನು ದೂರದ ಕಂಟಿಗಳ ಮೇಲೆ ಒಣಗಲು ಹಾಕಿದ್ದ ಹಗ್ಗ ಸುತ್ತಿಡುತ್ತಿದ್ದೆ.

ಪಡುವಣದಿಂದ ಕೆಂಪು ಧೂಳು ಎದ್ದು ಬಂತು. ಎರಡನೆಯ ಹಗ್ಗ ಸುತ್ತುವುದರೊಳಗೆ ಆಕಾಶ ಕಪ್ಪಾಯಿತು. ಮೊದಲ ಆಲಿಕಲ್ಲು ನನ್ನ ಹಣೆಗೇ ಬಿತ್ತು. ಕಣ್ಣೊಳಗೆ ರಕ್ತ ಇಳಿಯಿತು. ಲಿಂಬೆಕಾಯಿ ಗಾತ್ರದ ಕಲ್ಲುಗಳು ನೆಲಕ್ಕೆ ಬಡಿದು ಪುಟಿಯುತ್ತಿದ್ದವು. ಒಲೆಯ ಮೇಲಿನ ಗಡಿಗೆ ಒಡೆಯಿತು. ಜಾಲಿಗಿಡದ ಟೊಂಗೆ ಸೀಳಿ ಬಿತ್ತು. ಹಾಕಿದ ಹೆಜ್ಜೆ ಗಾಳಿಗೆ ಹಿಂದೆ ಸರಿಯುತ್ತಿತ್ತು. ಮಗಳ ಹೆಸರು ಕೂಗುತ್ತ ಓಡಿದೆ. ನನ್ನ ಕೂಗು ನನಗೇ ಕೇಳಿಸುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿ ಮುಗಿಸಿದ್ದ. ಮಗು, ಹೆಂಡತಿ ಒಳಗಿರಲಿ, ಗಾಳಿ ಒಳನುಗ್ಗದಿರಲಿ ಎಂದು ತಾಡಪತ್ರಿಯನ್ನು ಟ್ರಾಲಿಯ ನಾಲ್ಕೂ ಬದಿಗೆ ಎಳೆದು, ಕಬ್ಬಿನ ಲೋಡು ಕಟ್ಟುವ ಹಾಗೆಯೇ ಕಟ್ಟಿಬಿಟ್ಟಿದ್ದ. ಎಡಕ್ಕೆ, ಬಲಕ್ಕೆ, ಹಿಂದೆ ಒಂದು ಗಂಟು. ನೀರು ಸುರಿಯುವ ಕೆಲಸವನ್ನು ಮಳೆ ಮಾಡುತ್ತಿತ್ತು. ಕಬ್ಬಿಗೆ ಭಾರವಿರುತ್ತದೆ, ಗಾಳಿಗೆ ಅಲುಗುವುದಿಲ್ಲ. ಬರೀ ಟ್ರಾಲಿಯ ಮೇಲಿನ ತಾಡಪತ್ರಿ ಗಾಳಿ ತುಂಬಿಕೊಂಡು ಉಬ್ಬಿತು. ಹರಿದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಅಪ್ಪನ ಗಂಟು ಹರಿಯಲು ಬಿಡಲಿಲ್ಲ. ಇಡೀ ಟ್ರಾಲಿ ಗಡಗಡ ಅಲುಗಿತು. ಮುಂದಿನ ಚಕ್ರದ ಕಲ್ಲು ಕೆಸರಲ್ಲಿ ಜಾರಿತು. ಟ್ರಾಲಿ ಒಂದು ಗೇಣು ಇಳಿಜಾರಿಗೆ ಸರಿಯಿತು, ನಿಂತಿತು, ಮತ್ತೆ ಒಂದು ಗೇಣು ಸರಿಯಿತು.

ಒಳಗಿನಿಂದ ಅವ್ವ ತಾಡಪತ್ರಿಗೆ ಗುದ್ದುತ್ತಿದ್ದಳು. ಜನಿ ಕಿರುಚುತ್ತಿದ್ದಳು. ಅಪ್ಪ ಹಿಂಬದಿಯಲ್ಲಿ ಗಂಟಿನ ಮೇಲೆ ಬಿದ್ದು ಉಗುರು ಹಾಕಿ ಕೀಳುತ್ತಿದ್ದ. ಉಗುರು ಕಿತ್ತು ಬಂದು ರಕ್ತ ಸುರಿಯುತ್ತಿತ್ತು. ಹಲ್ಲು ಹಾಕಿದ. ಗಂಟು ಅಲುಗಲಿಲ್ಲ. ಸಾವಿರಾರು ಲೋಡು ಕಟ್ಟಿದವನು ತನ್ನ ಗಂಟನ್ನು ತಾನೇ ಎಂದೂ ಬಿಚ್ಚಿರಲಿಲ್ಲ. ಬಿಚ್ಚುವುದು ಕಾರ್ಖಾನೆಯವರ ಕೆಲಸವಾಗಿತ್ತು.

ಒಲೆಯ ಹತ್ತಿರ ಕಟ್ಟಿಗೆಯ ನಡುವೆ ಕಬ್ಬು ಕಡಿಯುವ ಕೊಯ್ತಾ ಬಿದ್ದಿತ್ತು. ಎತ್ತಿಕೊಂಡು ಬಂದೆ.

"ಯಪ್ಪಾ, ಆಕಡೆ ಸರಿ."

ಅವನು ಕೊಯ್ತಾ ನೋಡಿದ. ನನ್ನ ಮುಖ ನೋಡಲಿಲ್ಲ. ಕೈ ತಿರುವಿ ಕಪಾಳಕ್ಕೆ ಒಂದು ಹೊಡೆದ. ನಾನು ಕೆಸರಿಗೆ ಬಿದ್ದೆ.

"ನನ್ನ ಹಗ್ಗಕ್ಕ ಕಬ್ಬಿಣ ಹಚ್ಚಿದ್ರ ಇಲ್ಲೇ ಹೂತಬಿಡ್ತೇನಿ. ಬಿಚ್ಚತೇನಿ, ತಡಿ."

ಟ್ರಾಲಿ ಒಂದು ಮಾರು ಸರಿಯಿತು. ಅಪ್ಪ ಗಂಟನ್ನು ಬಿಡದೆ ಅದರ ಜೊತೆ ಎಳೆದುಕೊಂಡು ಹೋದ. ನಾನು ಎದ್ದು ಓಡಿದೆ.

"ಕೈ ತಗೀ, ಯಪ್ಪಾ. ಕೈ ತಗೀ."

ಅವನು ಕೈ ತೆಗೆಯಲಿಲ್ಲ. ಅಂಗೈ ಚಾಚಿ ಗಂಟನ್ನು ಮುಚ್ಚಿಕೊಂಡ. ಮಳೆಯಲ್ಲಿ ಕಣ್ಣು ಕಾಣಲಿಲ್ಲ, ಕೈ ತಪ್ಪಿತು ಎಂದು ಹೇಳಿದರೆ ಯಾರೂ ಅಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿದ್ದೆ. ಬೆರಳು ಎಲ್ಲಿವೆ ಎಂದು ಸ್ಪಷ್ಟವಾಗಿ ನೋಡಿಯೇ ಕೊಯ್ತಾ ಎತ್ತಿದೆ. ಅಣ್ಣನ ಬೆನ್ನು, ಅವ್ವನ ಕೆನ್ನೆ ಎಲ್ಲ ಆ ಏಟಿನಲ್ಲಿತ್ತೋ ಏನೋ. ನನ್ನ ಮಗಳಂತೂ ಇದ್ದಳು.

ಮೊದಲ ಏಟಿಗೆ ಎರಡು ಬೆರಳು, ಅರ್ಧ ಹಗ್ಗ. ಎರಡನೆಯದಕ್ಕೆ ಉಳಿದರ್ಧ. ತಾಡಪತ್ರಿ ಫಟ್ಟನೆ ಬಿಡಿಸಿಕೊಂಡು ಬಿದಿರಿನ ಸಮೇತ ಹೊಳೆಯ ಮೇಲೆ ಹಾರಿಹೋಯಿತು. ಒಳಗೆ ಅವ್ವ ಮಗುವನ್ನು ಎದೆಗೆ ಅವುಚಿಕೊಂಡು ಕುಕ್ಕರಿಸಿದ್ದಳು. ಟ್ರಾಲಿ ಓಡತೊಡಗಿತ್ತು. ಅಪ್ಪ ಅದರ ಜೊತೆಗೇ ಓಡಿ, ಕಡಿದ ಕೈಯನ್ನು ಅವ್ವನ ಕಡೆಗೆ ಚಾಚಿ, ಇಬ್ಬರನ್ನೂ ಎಳೆದು ತನ್ನ ಮೈಮೇಲೆ ಕೆಡವಿಕೊಂಡ. ಟ್ರಾಲಿ ಮಡುವಿಗೆ ಬಿದ್ದ ಸಪ್ಪಳ ಆಲಿಕಲ್ಲಿನ ಅಬ್ಬರದಲ್ಲಿ ಸರಿಯಾಗಿ ಕೇಳಿಸಲೂ ಇಲ್ಲ.

ಜನಿಯ ಅಂಗಿಯೆಲ್ಲ ಕೆಂಪಾಗಿತ್ತು. ಬಿಚ್ಚಿ ಮೈಯೆಲ್ಲ ತಡವಿ ನೋಡಿದೆ. ಅದು ಅವಳ ರಕ್ತವಲ್ಲ, ಅಪ್ಪನದು.

ಅವ್ವ ಸೆರಗು ಹರಿದು ಅಪ್ಪನ ಕೈಗೆ ಸುತ್ತಿದಳು. ಆಮೇಲೆ ನನ್ನ ಕೈಯಿಂದ ಕೊಯ್ತಾ ಕಿತ್ತುಕೊಂಡು ಹೊಳೆಗೆ ಎಸೆದಳು. ಬೆರಳು ಹುಡುಕಲು ಆಲಿಕಲ್ಲಿನ ರಾಶಿಯೊಳಗೆ ಕೈಯಾಡಿಸಿದಳು, ಸಿಗಲಿಲ್ಲ. ಧರೆಪ್ಪ ಬಂದವನೇ ಎಲ್ಲರನ್ನೂ ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ರಾಯಬಾಗಕ್ಕೆ ಹೊಡೆದ. ಡಾಕ್ಟರು ಗಾಯ ನೋಡಿ, "ಇದು ಹರಿತವಾದದ್ದು ತಾಗಿಯೇ ಆದದ್ದು, ನಿಜ ಹೇಳ್ರಿ" ಎಂದರು.

"ಟ್ರಾಲಿ ಕೊಂಡಿಗೆ ಸಿಕ್ಕಾವ್ರಿ," ಎಂದ ಅಪ್ಪ.

ಅವರು ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಅಂದ. ಅಲ್ಲಿಂದ ಮುಂದೆ ಮೂರು ವರ್ಷ ನನ್ನೊಡನೆ ಒಂದೇ ಒಂದು ಮಾತು ಆಡಲಿಲ್ಲ.

ಲೋಡು ಕಟ್ಟುವುದು ಅಲ್ಲಿಗೆ ಮುಗಿಯಿತು. ಚಿಕ್ಕೋಡಿ ರಸ್ತೆಯ ಚಹಾದಂಗಡಿಯ ಮುಂದೆ ಕೂತು, ಬೇರೆಯವರು ಕಟ್ಟಿದ ಲೋಡು ವಾಲಾಡುತ್ತ ಹೋಗುವುದನ್ನು ನೋಡಿ ಬೈಯುವುದೇ ಅವನ ಉದ್ಯೋಗವಾಯಿತು. ನಾನು ತವರಿಗೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಜನಿ ಹಿಂದೆ ಓಡಿದರೆ ಅವಳನ್ನು ಮಾತ್ರ ಎತ್ತಿಕೊಳ್ಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ಮಾಡಿದ್ದು ಸರಿ ಎಂದು ನೂರು ಸಲ ಅಂದುಕೊಂಡೆ. ನಿಪ್ಪಾಣಿಯ ಮನೆಯಲ್ಲಿ ಖಾರ ಕುಟ್ಟುವಾಗ ಒನಕೆ ಎತ್ತಿದ ಕೈ ನಿಂತುಬಿಡುತ್ತಿತ್ತು, ಅಳು ಬರುತ್ತಿತ್ತು.

ತೊಂಬತ್ತಾರರಲ್ಲಿ ಎರಡನೆಯ ಬಾಣಂತನವೂ ತವರಲ್ಲೇ ಆಯಿತು. ಗಂಡುಮಗು. ತೊಟ್ಟಿಲಿಗೆ ಹಾಕುವ ದಿನ ಧರೆಪ್ಪ ತೊಲೆಗೆ ಹಗ್ಗ ಕಟ್ಟಲು ಏಣಿ ಇಟ್ಟಿದ್ದ. ಅಪ್ಪ ಒಳಗೆ ಬಂದು ಹಗ್ಗವನ್ನು ಅವನ ಕೈಯಿಂದ ತೆಗೆದುಕೊಂಡ. ಅಡಿಗೆಮನೆಯಲ್ಲಿದ್ದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. ಎಡಗೈ, ಬಲಗೈಯ ಮೂರು ಬೆರಳು, ಹಲ್ಲು, ಇಷ್ಟರಲ್ಲಿ ಕಟ್ಟಿದ. ಅರ್ಧ ತಾಸು ಹಿಡಿಯಿತು. ಹಗ್ಗದ ತುದಿಯನ್ನು ಉದ್ದಕ್ಕೆ ಇಳಿಬಿಟ್ಟಿದ್ದ. ಒಮ್ಮೆ ಜಗ್ಗಿ ತೋರಿಸಿದ, ಗಂಟು ಸರ್ರನೆ ಬಿಚ್ಚಿಕೊಂಡಿತು. ಮತ್ತೆ ಕಟ್ಟಿದ.

ಏಣಿ ಇಳಿದು ನನ್ನ ಮುಖ ನೋಡಿದ.

"ಕಾಳಿ, ಕೊಯ್ತಾ ಎಲ್ಲಿ ಐತಿ?"

"ಇನ್ನೊಂದ ಹಿತ್ತಲದಾಗ ಐತಿ."

"ಬಿಚ್ಚದಿದ್ರ ಏನ ಮಾಡ್ತಿ? ತಂದ ಇಲ್ಲೆ ಇಡು, ಕೈಗೆ ಸಿಗೂಹಂಗ."

ತಂದು ತೊಟ್ಟಿಲ ಪಕ್ಕದ ಗೋಡೆಯ ಗೂಡಿನಲ್ಲಿಟ್ಟೆ. ಅದು ಸರಿಯಾಗಿ ಸಿಗುತ್ತದೋ ಇಲ್ಲವೋ ಎಂದು ಅಪ್ಪ ನಾನು ನಿಲ್ಲುವ ಜಾಗದಲ್ಲಿ ನಿಂತು, ಎರಡು ಬೆರಳಿಲ್ಲದ ಕೈಯನ್ನು ಗೂಡಿನ ತನಕ ಚಾಚಿ ನೋಡಿದ.