ಜಾಲಿಯ ಬೆಣೆ

1943ರ ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ಬೆಳಿಗ್ಗೆ, ಪುಣೆಯ ಸ್ವಾರಗೇಟ್ ಬಳಿಯ ಮೋಟಾರು ಶೆಡ್ಡಿನ ಅಂಗಳದಲ್ಲಿ ನಿಂತಿದ್ದ ಕಾರೊಂದು ಹಿಂದಕ್ಕೆ ಉರುಳಿ, ಶೆಡ್ಡಿನ ಮಿಸ್ತ್ರಿಯನ್ನು ಕಂಪೌಂಡು ಗೋಡೆಗೆ ಒತ್ತಿತು. ನಮ್ಮ ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿಯಾಗಿ ಬಂತು. ಬರೆದವನು ನಾನೇ.

ಮಿಸ್ತ್ರಿಯ ಬಲ ಅಂಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಗಾಡಿ ಓಡಿ ಬಂದ ಕೂಡಲೇ ನಾಲ್ಕೂ ಚಕ್ರಗಳ ಬ್ರೇಕ್ ಡ್ರಮ್ಮಿಗೆ ಅದನ್ನು ತಾಗಿಸಿ ನೋಡುವುದು ಅವರ ಪದ್ಧತಿ. ವರ್ಷಗಟ್ಟಲೆ ಆ ಬಿಸಿಗೆ ಬೆಂದು ಚರ್ಮ ನುಣುಪಾಗಿತ್ತು. "ಬಿಸಿ ಆದದ್ದು ದುಡದದ, ತಣ್ಣಗಿದ್ದದ್ದು ಮೈಗಳ್ಳ" ಎನ್ನುತ್ತಿದ್ದರು. ಗೋಕಾಕದ ಕಡೆಯವರು. ಗಿರಾಕಿಗಳ ಜೊತೆ ಮರಾಠಿ, ಶೆಡ್ಡಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ನನ್ನ ಜೊತೆ ಕನ್ನಡ. ಅಂಗಳ ರಸ್ತೆಯ ಕಡೆಗೆ ಇಳಿಜಾರಾಗಿದ್ದುದರಿಂದ, ನಿಂತ ಗಾಡಿಯ ಹಿಂಚಕ್ರಕ್ಕೆ ಜಾಲಿಕಟ್ಟಿಗೆಯ ಬೆಣೆಯೊಂದನ್ನು ಕೊಡದೆ ಅವರು ಊಟಕ್ಕೂ ಏಳುತ್ತಿರಲಿಲ್ಲ.

ಶೆಡ್ಡಿನ ಜಾಗ ಬೆಳಗಾವಿ ಕಡೆಯ ಒಬ್ಬ ವಕೀಲರದು. ಆ ಶ್ರಾವಣದಲ್ಲಿ ಅವರು, ವಿಲಾಯತಿಗೆ ಹೊರಟ ಸಾಹೇಬನೊಬ್ಬನಿಂದ ಹಳೆಯ ಕಾರು ಕೊಂಡು ತಂದರು.

"ಹ್ಯಾಂಡ್‌ಬ್ರೇಕ್ ಎಳದು ನೋಡ್ರಿ ಮಿಸ್ತ್ರಿ, ಎಷ್ಟು ಗಟ್ಟಿ ಅದ!"

ಮಿಸ್ತ್ರಿ ಎಳೆಯಲಿಲ್ಲ. ಹಿಂಬದಿಗೆ ಜಾಕ್ ಕೊಟ್ಟು ಎರಡೂ ಚಕ್ರ ಎತ್ತಿದರು. ಹ್ಯಾಂಡ್‌ಬ್ರೇಕಿನ ಲಿವರ್ ಎಳೆಯಲು ನನಗೆ ಹೇಳಿದರು. ಎರಡೂ ಕೈ ಹಾಕಿ ಎಳೆದೆ. ಅವರು ಬಲಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸಿದರು. ಅದು ಸರಾಗವಾಗಿ ತಿರುಗಿತು.

"ಸಾಹೇಬ್ರ, ಇದು ಬ್ರೇಕ್ ಗಟ್ಟಿ ಅಲ್ಲ. ಕೇಬಲ್ ತುಕ್ಕ ತಿಂದು, ಜಂಗು ಹಿಡದು ಕೊಳವಿಯೊಳಗ ಸಿಕ್ಕೊಂಡದ. ನೀವು ಎಳೆಯೂದು ಜಂಗು. ಚಕ್ರಕ್ಕ ಸುದ್ದೀನೇ ಮುಟ್ಟಿಲ್ಲ."

"ವಾದಾ ಮಾಡೂದು ನನ್ನ ಉದ್ಯೋಗರೀ ಮಿಸ್ತ್ರಿ."

"ನಾ ವಾದಾ ಮಾಡಂಗಿಲ್ರಿ. ಚಕ್ರ ತಿರಗಸ್ತೀನಿ."

ಎಡಚಕ್ರದ ಡ್ರಮ್ಮು ಬಿಚ್ಚಿದಾಗ ಒಳಗೆಲ್ಲ ಎಣ್ಣೆ. ಆಕ್ಸಲಿನ ಎಣ್ಣೆ ಸೋರಿ ಬ್ರೇಕಿನ ಲೈನಿಂಗು ನೆನೆದುಹೋಗಿತ್ತು. ಯುದ್ಧದ ಕಾಲ. ಹೊಸ ಲೈನಿಂಗೂ ಕೇಬಲ್ಲೂ ಮುಂಬಯಿಯಲ್ಲಿಯೂ ಸಿಗಲಿಲ್ಲ. ಮಿಸ್ತ್ರಿ ಲೈನಿಂಗನ್ನು ತಮ್ಮ ಪಾಲಿನ ರೇಷನ್ ಪೆಟ್ರೋಲಿನಲ್ಲಿ ತೊಳೆದರು, ಇದ್ದಿಲ ಮೇಲೆ ಕಾಯಿಸಿದರು. ಎರಡು ದಿನಕ್ಕೆ ಮತ್ತೆ ಅದರ ಮೈಯಿಂದ ಎಣ್ಣೆ ಒಸರಿತು. ಹೀಗೆ ಆರು ವಾರ.

ವಕೀಲರಿಗೆ ದಸರೆಯ ದಿನ ಮನೆಮಂದಿಯನ್ನು ಕಾರಿನಲ್ಲಿ ಲೋಣಾವಳಾಕ್ಕೆ ಕರೆದೊಯ್ಯಬೇಕಿತ್ತು. "ದಸರಾಕ್ಕ ಗಾಡಿ ಕೊಡ್ರಿ. ಇಲ್ಲಂದ್ರ ಜಾಗಾ ಬಿಡ್ರಿ" ಎಂದರು.

"ಘಾಟಿನ್ಯಾಗ ನಿಲ್ಲಸಿದ್ರ ಇದು ನಿಲ್ಲೂದಿಲ್ರಿ. ಕೊಡಂಗಿಲ್ಲ."

ಸಂಜೆ ಮಿಸ್ತ್ರಿ ನನ್ನನ್ನು ಕೇಳಿದರು: "ಈ ವಯಸ್ಸಿಗೆ ಯಾರ ಶೆಡ್ಡಿನ್ಯಾಗ ಹೋಗಿ ಪಾನಾ ಹಿಡೀಲಿ, ಹೇಳ್ರಿ?" ದಸರೆಯ ಮರುದಿನ ಜಾಗ ಬಿಡುವುದೆಂದು ಅವರು ಹೆಂಡತಿಗೆ ಹೇಳಿದರು.

ಖಂಡೇನವಮಿಯ ದಿನ ಕೆಲಸದ ಹತ್ಯಾರಗಳನ್ನೆಲ್ಲ ತೊಳೆದು ದೇವರ ಮುಂದೆ ಇಡುತ್ತಾರೆ. ಪೂಜೆಯಾದ ಮೇಲೆ ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಆ ಶೆಡ್ಡಿನಲ್ಲಿ ಅವರ ಕೊನೆಯ ಪೂಜೆ. "ಎಲ್ಲಾ ಹತ್ಯಾರ ಒಳಗ ತರ್ರಿ. ಒಂದೂ ಹೊರಗ ಉಳೀಬಾರದು" ಎಂದರು. ನಾನು ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಜಾಕ್ ತಂದೆ. ಕಾರಿನ ಚಕ್ರದ ಹಿಂದಿದ್ದ ಬೆಣೆಯನ್ನೂ ತಂದೆ.

ಸಾಲಾಗಿ ಕುಂಕುಮ ಹಚ್ಚುತ್ತ ಬಂದವರು ಬೆಣೆಗೂ ಹಚ್ಚಿದರು. ಆಮೇಲೆ ಅವರ ಕೈ ನಿಂತಿತು.

"ಇದನ್ನ ಯಾಕ ತಂದ್ರಿ?"

"ನೀವ ಎಲ್ಲಾ ತರ್ರಿ ಅಂದ್ರಿ."

ಕುಂಕುಮವಾದ ಬೆಣೆಯನ್ನು ಆ ದಿನ ಎತ್ತುವಂತಿರಲಿಲ್ಲ. "ಇರ್ಲಿ. ಗಾಡಿ ಗೇರಿನ ಮ್ಯಾಲೆ ನಿಂತದ. ಒಂದು ಇಟ್ಟಂಗಿ ಹಚ್ಚಿ ಬರ್ತೀನಿ" ಎಂದು ಹಿತ್ತಲಿಗೆ ಹೋದರು.

ಅಷ್ಟರಲ್ಲಿ ವಕೀಲರು ಚೆಂಡುಹೂವಿನ ಮಾಲೆ ಹಿಡಿದು ಬಂದಿದ್ದರು. ಮಾಲೆಯನ್ನು ಬಾನೆಟ್ಟಿಗೆ ಹಾಕಿದರು. ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಬೇಕೆಂದು ಒಳಗೆ ಕುಳಿತರು. ಲಿವರನ್ನು ಎಳೆದು, ಗಾಡಿ ನಿಂತಿದೆಯೆಂದು ನಂಬಿ ಗೇರು ಬಿಡಿಸಿದರು. ಇಟ್ಟಿಗೆ ಹಿಡಿದು ಬಂದ ಮಿಸ್ತ್ರಿ, ಉರುಳತೊಡಗಿದ ಗಾಡಿಯ ಹಿಂದೆ ಬಗ್ಗಿ ಅದನ್ನು ಬಲಚಕ್ರಕ್ಕೆ ಕೊಟ್ಟರು. ಇಟ್ಟಿಗೆ ಪುಡಿಯಾಯಿತು.

ಮರುದಿನ ವಕೀಲರು ದವಾಖಾನೆಗೆ ಬಂದರು. "ನಾ ಲಿವರ್ ಎಳದಿದ್ದೆ, ಮಿಸ್ತ್ರಿ."

"ಗಟ್ಟಿ ಇತ್ತಲ್ರಿ?"

"ಭಾಳ ಗಟ್ಟಿ ಇತ್ತು."

ಮಿಸ್ತ್ರಿ ಗೋಡೆಯ ಕಡೆಗೆ ಮುಖ ತಿರುಗಿಸಿದರು. ವಕೀಲರು ಹೋದ ಮೇಲೆ ನನ್ನನ್ನು ಹತ್ತಿರ ಕರೆದರು. "ಬೆಣಿಗೆ ಕುಂಕುಮ ಹಚ್ಚಿದಾಂವ ನಾನ. ನೀವು ಪೇಪರಿನ್ಯಾಗ ಬೆಣಿ ಸುದ್ದಿ ಬರೀಬ್ಯಾಡ್ರಿ." ನಾನು ಬರೆಯಲಿಲ್ಲ. ಮೂರನೆಯ ದಿನ ಮಿಸ್ತ್ರಿ ತೀರಿಕೊಂಡರು.

ಅವರ ಹೆಂಡತಿ ದೀಪಾವಳಿಗೆ ಮೊದಲೇ ಗೋಕಾಕಕ್ಕೆ ಹೋದರು. ಹತ್ಯಾರಗಳನ್ನು ಹಳೆಯ ಕಬ್ಬಿಣದವನು ಒಯ್ದ. ಬೆಣೆ ಬೇಡವೆಂದು ಬಿಟ್ಟುಹೋದ. ಸಂಕ್ರಾಂತಿಯ ಹೊತ್ತಿಗೆ ವಕೀಲರು ಕಾರು ಮಾರಿದರು. ಕೊಳ್ಳಲು ಸಾತಾರೆಯ ವ್ಯಾಪಾರಿಯೊಬ್ಬ ಬಂದ. ಮಿಸ್ತ್ರಿ ಹೇಳಿದ್ದನ್ನು ನಾನು ಅವನಿಗೆ ಹೇಳಿದೆ. ಅವನು ಒಳಗೆ ಕುಳಿತು ಲಿವರನ್ನು ಒಮ್ಮೆ ಒಂದು ಕೈಯಿಂದ, ಒಮ್ಮೆ ಎರಡೂ ಕೈಯಿಂದ ಎಳೆದು ನೋಡಿದ. ಗಟ್ಟಿಯಾಗಿದೆ ಎಂದು ಮರಾಠಿಯಲ್ಲಿ ಹೇಳಿ, ಗಾಡಿ ತೆಗೆದುಕೊಂಡು ಹೋದ.