ಗಂಟಿನೊಳಗಿನ ಗಂಟು

ಬೀಗದ ಕಾರ್ಖಾನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂರುವ ಆಕೆಯನ್ನು ಎಲ್ಲರೂ ಅಂಚೆಯಕ್ಕ ಎಂದೇ ಕರೆಯುತ್ತಿದ್ದರು. ಕಾಗದದ ಅಂಚೆಗೂ ಆಕೆಗೂ ಸಂಬಂಧವಿಲ್ಲ; ಕಾರ್ಖಾನೆಯ ಇಮೇಲೆಲ್ಲ ಹಾದುಹೋಗುವ ಸರ್ವರನ್ನು ಹನ್ನೆರಡು ವರ್ಷದಿಂದ ಸಾಕುತ್ತಿರುವವಳು. ಹೌದು, ಸಾಕುವುದೇ. ಬೆಳಿಗ್ಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಅದರ ಪಕ್ಕೆಗೆ ಅಂಗೈ ಒತ್ತಿ ಬಿಸಿ ನೋಡುತ್ತಿದ್ದಳು. "ನನಗೆ ಜ್ವರ ಬಂದ್ರೂ ಇಷ್ಟು ಮುತುವರ್ಜಿ ಇಲ್ಲ" ಎಂದು ಮನೆಯಲ್ಲಿ ಅಮ್ಮ ಗೊಣಗುವುದಿತ್ತು. ಅದು ಶುದ್ಧ ಸುಳ್ಳು. ಅಮ್ಮನ ಹಣೆಯನ್ನೂ ದಿನಾ ಮುಟ್ಟಿ ನೋಡಿಯೇ ಅವಳು ಹೊರಡುತ್ತಿದ್ದುದು.

ಕಂಪ್ಯೂಟರಿನ ಮಾತನ್ನು ಮನೆಮಾತಿಗೆ ಇಳಿಸಿ ಹೇಳುವುದು ಅವಳ ಹೆಮ್ಮೆ. ಹಲವು ಫೈಲುಗಳನ್ನು ಒತ್ತಿ ಒಂದು ಮಾಡುವ ಜಿಪ್‌ಗೆ ಅವಳಿಟ್ಟ ಹೆಸರು ಗಂಟು. ಗಂಟು ಕಟ್ಟಿ ಕಳಿಸಿ, ಆಮೇಲೆ ಹಳೆಯದನ್ನು ಅಳಿಸಿ, ಜಾಗ ಉಳಿಯುತ್ತದೆ ಎಂದು ಮಹಡಿ ಮಹಡಿಗೂ ಹೋಗಿ ಹೇಳಿ ಬಂದಿದ್ದಳು. ಆ ಹೆಮ್ಮೆಯೇ ಒಂದು ಸೋಮವಾರ ಅವಳ ಕಾಲಿಗೆ ತೊಡರಿಕೊಂಡಿತು.

ಅಂದು ಸರ್ವರು ಮುಟ್ಟಿದರೆ ಕೈ ಸುಡುತ್ತಿತ್ತು. ಬಂದ ಪತ್ರಗಳನ್ನೆಲ್ಲ ಬಿಚ್ಚಿ ತಪಾಸಣೆ ಮಾಡುವ ವೈರಸ್ ಸ್ಕ್ಯಾನರು ಪ್ರೊಸೆಸರನ್ನು ಪೂರಾ ನುಂಗಿ ಕೂತಿತ್ತು. ಅದರ ಹಿಂದೆ ಮುನ್ನೂರು ಪತ್ರಗಳು ಸಾಲುಗಟ್ಟಿದ್ದವು. ಮ್ಯಾನೇಜರು ಬಾಗಿಲಲ್ಲೇ ನಿಂತು, ಹನ್ನೆರಡರೊಳಗೆ ಸರಿಹೋಗದಿದ್ದರೆ ಸಿಕ್ಕಿಕೊಂಡದ್ದನ್ನೆಲ್ಲ ಅಳಿಸಿಬಿಡಿ, ಬೇಕಾದವರು ಮತ್ತೆ ಕಳಿಸುತ್ತಾರೆ ಎಂದು ಹೇಳಿ ಹೋದರು. ಕೆಟ್ಟ ಮನುಷ್ಯರಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವರು ಅಷ್ಟೆ.

ಸ್ಕ್ಯಾನರನ್ನೇ ನಿಲ್ಲಿಸಿಬಿಡಬಹುದಿತ್ತು. ಕಾವಲುಗಾರನಿಗೆ ಸುಸ್ತಾಯಿತೆಂದು ಯಾರಾದರೂ ಬಾಗಿಲು ತೆರೆದಿಟ್ಟು ಮಲಗುತ್ತಾರೆಯೇ? ಅವಳು ಅದರ ದಾಖಲೆಯನ್ನು ಸಾಲು ಸಾಲಾಗಿ ಓದಿದಳು. ಎಲ್ಲ ಕಡೆ ಒಂದೇ ಪತ್ರ. ಸ್ಕ್ಯಾನರು ಅದನ್ನು ಬಿಚ್ಚಲು ಹೊರಡುತ್ತದೆ, ಕೊಟ್ಟ ಸಮಯದಲ್ಲಿ ಮುಗಿಯದೆ ಕೈಚೆಲ್ಲುತ್ತದೆ. ಸರ್ವರು ಅದನ್ನೇ ತಂದು ಮತ್ತೆ ಮುಂದಿಡುತ್ತದೆ, ಮತ್ತೆ ಮೊದಲಿಂದ. ಕಳಿಸಿದವರು ಉಗ್ರಾಣ ನೋಡಿಕೊಳ್ಳುವ ಹಿರಿಯರು, ಎಲ್ಲರ ಬಾಯಲ್ಲಿ ಉಗ್ರಾಣದ ಮಾಮ. ಕಳಿಸಿದ್ದು ತಮಗೆ ತಾವೇ!

ಅದೊಂದನ್ನು ಅಳಿಸಿದರೆ ತಲೆನೋವು ಮುಗಿಯುತ್ತಿತ್ತು. ಅವಳ ಬೆರಳು ಡಿಲೀಟ್ ಕೀಲಿಯವರೆಗೂ ಹೋಯಿತು. ಆದರೆ ತುಕ್ಕು ಹಿಡಿದ ಬೀಗವನ್ನೂ ಎಸೆಯದ ಮನುಷ್ಯ ಸುಮ್ಮಸುಮ್ಮನೆ ತಮಗೆ ತಾವೇ ಪತ್ರ ಬರೆಯುವವರಲ್ಲ. ಎದ್ದು ಉಗ್ರಾಣಕ್ಕೆ ಹೋಗಿ ಕೇಳಿದಳು.

"ನೀನೇ ಹೇಳಿದ್ಯಲ್ಲಮ್ಮ ಗಂಟು ಕಟ್ಟಿ ಅಂತ. ದಿನಾ ನಿನ್ನೆಯ ಗಂಟಿನ ಜೊತೆ ಇವತ್ತಿಂದು ಸೇರಿಸಿ ಇನ್ನೊಂದು ಗಂಟು ಕಟ್ಟಿದೆ. ಹಳೇದನ್ನ ಅಳಿಸ್ತಾ ಬಂದೆ."

ಗಂಟಿನೊಳಗೆ ಗಂಟು, ನಲವತ್ತು ಸುತ್ತು! ಅವಳಿಗೆ ನಗು ಬಂತು. ಒಳಗೇನಿದೆ ಎಂದು ಕೇಳಿದ ಮೇಲೆ ಆ ನಗು ಬಾಯಲ್ಲೇ ಒಣಗಿತು. ಮಾಮನ ಹೆಂಡತಿಗೆ ಗಂಟಲಲ್ಲಿ ಗೆಡ್ಡೆ. ಜೀವ ಉಳಿಯಬೇಕಾದರೆ ದನಿ ಹೋಗುತ್ತದೆ ಎಂದಿದ್ದರು ಡಾಕ್ಟರು. ಆಪರೇಷನ್ನಿನವರೆಗೆ ನಲವತ್ತು ದಿನ ಮಾಮ ಹೆಂಡತಿಯ ಮಾತನ್ನು ಫೋನಿನಲ್ಲಿ ಹಿಡಿದಿಟ್ಟಿದ್ದರು. ಕಳೆದ ಗುರುವಾರ ಆಪರೇಷನ್ ಆಯಿತು, ಜೀವ ಉಳಿಯಿತು. ಕೊನೆಯ ದಿನದ ಮಾತನ್ನು ರಜೆ ಮುಗಿಸಿ ಬಂದು ಇವತ್ತು ಬೆಳಿಗ್ಗೆ ಕಟ್ಟಿ ಕಳಿಸಿದ್ದರು.

"ಬೇರೆ ಎಲ್ಲೂ ಇಲ್ವಾ ಮಾಮ?"

"ಇಲ್ಲಮ್ಮ. ನಿನ್ನ ಹತ್ರ ಇದ್ರೆ ಭದ್ರ ಅಂದ್ಕೊಂಡೆ."

ತನ್ನದೇ ಮಾತು, ತನ್ನದೇ ಬೆರಳು; ಇನ್ನೊಂದು ಗಳಿಗೆಯಲ್ಲಿ ಏನಾಗಿಬಿಡುತ್ತಿತ್ತು! ಓಡೋಡಿ ಬಂದು ಆ ಪತ್ರವನ್ನು ಸಾಲಿನಿಂದ ಎತ್ತಿ ಬೇರೆ ಕಡೆ ಜೋಪಾನ ಮಾಡಿದಳು. ಸ್ಕ್ಯಾನರಿನ ಏದುಸಿರು ತಗ್ಗಿತು, ಮುನ್ನೂರು ಪತ್ರಗಳೂ ಹೊರಟವು. ಇಷ್ಟಕ್ಕಿಂತ ಹೆಚ್ಚು ಗಂಟಿದ್ದರೆ ಬಿಚ್ಚಬೇಡ, ಪಕ್ಕಕ್ಕಿಟ್ಟು ನನಗೆ ಹೇಳು ಎಂದು ಅದಕ್ಕೆ ಕಟ್ಟುಪಾಡನ್ನೂ ಹಾಕಿದಳು. ಹನ್ನೆರಡಕ್ಕೆ ಬಂದ ಮ್ಯಾನೇಜರು ತಲೆಯಾಡಿಸಿ ಹೋದರು.

ಆಮೇಲೆ ಮಾಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೇರೊಂದು ಕಂಪ್ಯೂಟರಿನಲ್ಲಿ ಒಂದೊಂದೇ ಗಂಟು ಬಿಚ್ಚಿದಳು. ಎಲ್ಲಕ್ಕಿಂತ ಒಳಗಿದ್ದದ್ದು ಮೊದಲ ದಿನದ ಮಾತು. ಅದನ್ನು ಒತ್ತಿದಳು.

"ರೀ, ಇದು ಓಡ್ತಾ ಇದ್ಯಾ? ಇಷ್ಟು ವರ್ಷ 'ಸಾಕು ಸುಮ್ನಿರೇ' ಅಂತಿದ್ರಿ. ಈಗ ಮಾತಾಡು ಮಾತಾಡು ಅಂತ ಪ್ರಾಣ ತಿಂತೀರಲ್ಲ."

ಮಾಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇನ್ನೊಂದ್ಸಲ ಹಾಕಮ್ಮ" ಎಂದರು.

ಅವಳು ಹಾಕಿದಳು.