ಚರಬಿ ಇಲ್ಲದ ಸಾರು, ಏಳಬಾರದ ಜಮಖಾನೆ

ನನ್ನ ನಾದಿನಿ ರುಕ್ಮಾಳ ಮದುವೆ ಹದಿನೈದು ದಿನ ನನ್ನ ಗಂಡನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು.

ನಗಬೇಡಿ. ಸೀರಿಯಸ್ಸಾಗಿ ಹೇಳುತ್ತಿದ್ದೇನೆ.

ನಮ್ಮ ಮಂದಿಯಲ್ಲಿ ಮದುವೆಯ ಮಾತಿಗೆ ಕೂತರೆ, ಬಾಯಿಗೆ ಸಕ್ಕರೆ ಬೀಳುವ ತನಕ ಜಮಖಾನೆ ಬಿಟ್ಟು ಏಳುವಂತಿಲ್ಲ. ಎದ್ದರೆ ಸಂಬಂಧ ಒಲ್ಲೆ ಅಂದ ಹಾಗೆ. ಭಾಲ್ಕಿಯ ವರನ ಮನೆಯಲ್ಲಿ ನಮ್ಮ ಯಜಮಾನರು ಮೂರು ಸಲ ಎದ್ದರು! ಮೊದಲ ಸಲ ಎದ್ದಾಗ ವರನ ಕಡೆಯವರು ಗಾಬರಿಯಾಗಿ, ಮದುವೆ ನಿಮ್ಮೂರಲ್ಲೇ ಆಗಲಿ ಅಂದರು. ಎರಡನೆಯ ಸಲಕ್ಕೆ, ಅಡಿಗೆಯವರನ್ನು ನಾವೇ ಕರೆತರುತ್ತೇವೆ ಅಂದರು. ಮೂರನೆಯ ಸಲ ವರನ ತಂದೆಯೂ ಎದ್ದು ರುಮಾಲು ಸುತ್ತಿಕೊಂಡರು. "ಇನ್ನೇನ್ ಬೇಕ್ರಿ ಇವರಿಗೆ?"

ಇವರಿಗೆ ಬೇಕಾಗಿದ್ದದ್ದು ಹಿತ್ತಲ ಬಾಗಿಲು ಮತ್ತು ಒಂದು ಚೆಂಬು ನೀರು. ಅಷ್ಟು ಜನ ಹಿರಿಯರ ಮುಂದೆ ಹೇಗೆ ಹೇಳುತ್ತಾರೆ?

(ಪೊಲೀಸ್ ಆಕ್ಷನ್ ಆಗಿ ನಿಜಾಮಶಾಹಿ ಹೋದ ಮೇಲೆ ಇವರ ಕಚೇರಿಯ ಕಾಗದಗಳು ಉರ್ದು ಬಿಟ್ಟು ಇಂಗ್ಲಿಷಿಗೆ ತಿರುಗಿವೆ. ಅಂದಿನಿಂದ ಇವರ ಡೈಜೆಷನ್ನೂ ತಿರುಗಿದೆ.)

ಯಾರ್‍ಯಾರದೋ ಕಾಲು ಹಿಡಿದು, ಹೋದ ಗುರುವಾರಕ್ಕೆ ಮತ್ತೊಂದು ಬೈಠಕ್ ಗೊತ್ತಾಯಿತು. ಇದೇ ಕಡೆಯದು. ಬುಧವಾರ ಡಾಕ್ಟರು ಇವರ ಹೊಟ್ಟೆ ಒತ್ತಿ ನೋಡಿ, "ಕೊಬ್ಬಿಲ್ಲದ ಮಟನ್, ಸೊಪ್ಪು. ಖಾರ ಬೇಡ, ಎಣ್ಣೆ ಬೇಡ. ಹೊತ್ತು ಮುಳುಗುವುದರೊಳಗೆ ಊಟ" ಅಂದರು. ನನಗೆ ಖುಷಿಯೇ ಆಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸ್ಟ್ಯೂ ಇದೇ ತಾನೆ?

ಮಟನ್ ಅಂಗಡಿಯ ಚಾಚಾ ಮಾತ್ರ ಕತ್ತಿ ಕೆಳಗಿಟ್ಟರು.

"ಚರಬಿ ಬ್ಯಾಡೇನ್ರಿ? ಅರೇ ಬಾಯಾರ, ನಮ್ಮ ಮ್ಯಾಲ ನಾರಾಜ್ ಆಗೀರೇನು?"

ಪೊಲೀಸ್ ಆಕ್ಷನ್ನಿನ ಗಲಾಟೆಯ ದಿನಗಳು ಕಳೆದು ಅವರು ಮತ್ತೆ ಅಂಗಡಿ ತೆರೆದ ದಿನ ಮೊದಲು ಹೋದವರು ನಾವು. ಅಂದಿನಿಂದ ನಮ್ಮ ಪೊಟ್ಟಣದಲ್ಲಿ ಒಂದು ತುಂಡು ಚರಬಿ ಹೆಚ್ಚಿಗೆ ಇದ್ದೇ ಇರುತ್ತದೆ. ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದೆ. ತಲೆಯಾಡಿಸಿದರು. ತೊಡೆಯ ಮಾಂಸವನ್ನು ಕೆಂಪಗೆ, ಚೊಕ್ಕಾಗಿ ಕತ್ತರಿಸಿ ಕೊಟ್ಟರು. ಮನೆಗೆ ಬಂದು ಬಿಚ್ಚಿದರೆ, ತಳದಲ್ಲಿ ಅಂಗೈಯಗಲದ ಚರಬಿ!

ಅದನ್ನು ಬಟ್ಟಲಲ್ಲಿ ಎತ್ತಿಟ್ಟೆ. ಪಾತ್ರೆ ಚಿಕ್ಕದು; ಅರ್ಧ ಮಾಂಸ ಎರಡನೆಯ ಸಲಕ್ಕೆಂದು ಉಳಿಸಿ, ಉಳಿದರ್ಧವನ್ನು ಶುಂಠಿ, ಜೀರಿಗೆ, ಉಪ್ಪು ಹಾಕಿ ಬೇಯಿಸಿದೆ. ಪಾಲಕ, ರಾಜಗಿರಿ ಸೊಪ್ಪನ್ನು ಮೂರು ನೀರಲ್ಲಿ ತೊಳೆದೆ. ರಾಜಗಿರಿಯ ದಂಟು ನೀರಿಗೆ ತಿಳಿಗೆಂಪು ಬಣ್ಣ ಬಿಡುವುದನ್ನು ನೋಡುತ್ತ ಕೂರುವುದೆಂದರೆ ನನಗಿಷ್ಟ.

ಔರಾದದಿಂದ ಬಂದ ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರದು ಕುರಿ ಸಾಕಿದ ಮನೆತನ.

"ಏನವ್ವ ಇದು? ಸೊಪ್ಪು ತಪ್ಪಲ ಕುರಿ ತಿನ್ನಬೇಕು, ಕುರಿ ನಾವು ತಿನ್ನಬೇಕು. ನೀ ಎರಡೂ ನನ್ನ ಮಗಗs ತಿನಸ್ತಿ!"

"ಹೊಟ್ಟಿಗೆ ಹಗುರ ಇರ್ತದ್ರಿ, ಅತ್ತಿ."

"ಹಗುರ ಆಗಿ ಹಾರಿ ಹೋಗ್ತಾನ ಅಷ್ಟs."

ರುಕ್ಮಾಳನ್ನು ಒಲೆಯ ಕಾವಲಿಗೆ ಕೂಡಿಸಿ ಒಣಹಾಕಿದ ಬಟ್ಟೆ ತೆಗೆಯಲು ಹೋದೆ. (ಅವಳಿಗಿಂತ ನಂಬಿಕಸ್ತ ಕಾವಲು ಯಾರು? ಅವಳದೇ ಮದುವೆ!) ಹಿಂದಿರುಗಿ ಬಂದರೆ ಮನೆತುಂಬ ಘಮಘಮ. ಕಾನ್ವೆಂಟಿನ ಸ್ಟ್ಯೂ ಎಂದೂ ಹೀಗೆ ಘಮಘಮಿಸಿದ್ದಿಲ್ಲ. ಮುಚ್ಚಳ ತೆಗೆದರೆ ಮೇಲೆ ಬಂಗಾರದ ಬಣ್ಣದ ಕೆನೆ, ಕೆಂಪು ಖಾರ. ಬಟ್ಟಲು ಖಾಲಿ.

"ಅವ್ವ ನೀರ್ ತಾ ಅಂದ್ಳು ವೈನಿ, ಒಂದs ಒಂದು ಚರಿಗಿ..." ರುಕ್ಮಾ ಅಳುವುದಕ್ಕೆ ಶುರು.

"ಚರಬಿ ನಾ ಹಾಕೀನಿ. ಖಾರ ನಂದಲ್ಲ" ಅಂದರು ಅತ್ತೆ.

ಖಾರ ಯಾರದು? ನಮ್ಮವರು ಬೆರಳಿನ ಕೆಂಪನ್ನು ಧೋತರಕ್ಕೆ ಒರೆಸುತ್ತಿದ್ದರು.

"ಸಪ್ಪಗಿತ್ತು. ನೋಡ್ಲಿಕ್ಕೆ ಆಗಲಿಲ್ಲ."

ಉಳಿದ ಅರ್ಧ ಮಾಂಸದಿಂದ ಮತ್ತೆ ಮೊದಲಿನಿಂದ ಬೇಯಿಸಿದೆ. ಈ ಸಲ ಒಲೆ ಬಿಟ್ಟು ಕದಲಲಿಲ್ಲ. ಸಂಜೆ ಇವರಿಗೆ ಸಪ್ಪೆ ಸೊಪ್ಪಿನ ಸಾರು, ಮೆತ್ತಗಿನ ಅನ್ನ. ನಮಗೆ ಅತ್ತೆಯ ಸಾರು. ಚೆಲ್ಲಲಿಕ್ಕಾಗುತ್ತದೆಯೇ? ನಾನು ಎರಡು ಬಟ್ಟಲು ಉಂಡೆ. ಸರಿ, ಮೂರು. ಇವರು ನನ್ನ ಬಟ್ಟಲು ನೋಡುತ್ತ, ಬಾಯಿಗಿಟ್ಟ ಪಾಲಕವನ್ನು ಎಷ್ಟು ಹೊತ್ತು ಅಗಿದರೆಂದರೆ, ನನಗೇ ಪಾಪ ಅನಿಸಿತು.

ಗುರುವಾರ ಭಾಲ್ಕಿ. ಹೊರಗಿನ ಪಡಸಾಲೆಯಲ್ಲಿ ಇವರು ಕಲ್ಲುಗಂಬದಂತೆ ಕೂತರು. ಒಂದು ತಾಸು. ಎರಡು ತಾಸು. ಗಂಡಿನ ಕಡೆಯವರೇ ಅಚ್ಚರಿಪಟ್ಟು ನೋಡತೊಡಗಿದರು.

ಎದ್ದವಳು ನಾನು.

ಒಳಗೆ ಹೆಂಗಸರ ಜಮಖಾನೆಗೂ ಅದೇ ಕಾನೂನು. ಹೊಟ್ಟೆಯ ಸುದ್ದಿಯನ್ನು ನಾಲ್ಕು ಜನರೆದುರು ಆಡಬಾರದು, "ಎಕ್ಸ್‌ಕ್ಯೂಸ್ ಮಿ" ಅಂದು ಮೆಲ್ಲಗೆ ಹೋಗಬೇಕು ಎಂದು ಕಲಿತವಳು ನಾನು. ಹಾಗೆಯೇ ಅಂದು ಹೋದೆ. ಬಂದು ಕೂತೆ. ಮತ್ತೆ ಅಂದೆ, ಹೋದೆ. ಬರುವಷ್ಟರಲ್ಲಿ ಮಾತು ನಿಂತಿತ್ತು. ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು, "ಬೀಗತಿ ಇಂಗ್ಲಿಷಿನ್ಯಾಗ ಬೈತಾಳವ್ವ" ಅನ್ನುತ್ತಿದ್ದಳು. ಅತ್ತೆಯ ಮುಖ ಬಿಳಿಚಿತ್ತು. ವರನ ತಾಯಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಮೊದಲ ಯಜಮಾನ್ರು ಎದ್ರು, ಈಗ ನೀವು. ನಮ್ಮ ಮನ್ಯಾಗ ಏನ್ ಕಮ್ಮಿ ಆಗ್ಯದ, ಹೇಳಿಬಿಡ್ರಿ. ನಾಳಿಗಿ ಬ್ಯಾರೆ ಕಡಿಂದ ಹೆಣ್ಣು ತೋರಿಸ್ಲಿಕ್ಕ ಬರೋರಿದ್ದಾರ."

ರುಕ್ಮಾ ಬೀದರಿನ ನಮ್ಮ ಮನೆಯಲ್ಲಿ ಕಿಟಕಿಗೆ ಮುಖ ಹಚ್ಚಿ ಕೂತಿರುತ್ತಾಳೆ. ಕಲಿತದ್ದೆಲ್ಲ ಪಕ್ಕಕ್ಕಿಟ್ಟೆ.

"ಹೊಟ್ಟಿ ಕೆಟ್ಟದ್ರಿ, ಅವ್ವಾರ. ನಂದು. ಹೋದ ಸಲ ಅವರದು."



"ಅಯ್ಯ ನಮ್ಮವ್ವ! ಇಷ್ಟೇನಾ?" ವರನ ತಾಯಿ ನಕ್ಕ ರಭಸಕ್ಕೆ ಸೆರಗು ಜಾರಿತು. ನನ್ನ ಅಂಗೈಗೆ ಅಜವಾನ, ಉಪ್ಪು ಸುರಿದು, ಪಡಸಾಲೆಯತ್ತ ತಿರುಗಿ ಕೂಗಿಯೇ ಬಿಟ್ಟರು: "ಏನ್ರಿ, ಬೀಗರಿಗೆ ಸಿಟ್ಟಿಲ್ಲಂತ್ರಿ! ಹೊಟ್ಟಿ ಕೆಟ್ಟದಂತ! ಗಂಡಗೂ, ಹೆಂಡ್ತಿಗೂ!"

ಪಡಸಾಲೆಯಲ್ಲಿ ನಗೆಯೋ ನಗೆ. ಅದು ಅಡಗುವ ಮೊದಲೇ ಸಕ್ಕರೆಯ ತಟ್ಟೆ ಬಂತು.

ಹುಡುಗಿಯ ಕುಲ, ಬಣ್ಣ, ಎತ್ತರ, ಹಲ್ಲು, ನಡಿಗೆ ಎಲ್ಲವನ್ನೂ ಪರವೂರಿನ ಪಡಸಾಲೆಯಲ್ಲಿ ನಾಚಿಕೆಯಿಲ್ಲದೆ ಹರವುವ ನಮಗೆ, "ಒಂದು ಚೆಂಬು ನೀರು ಕೊಡಿ" ಅನ್ನಲಿಕ್ಕೆ ಮಾತ್ರ ಅದೆಂಥ ನಾಚಿಕೆ?